ಸುಯೇಜಿನಲ್ಲಿ ಹೇಳಿದ ಹೆಸರು

ಇಚಲಕರಂಜಿ

ಆ ದಿನ ಬೆಳಿಗ್ಗೆ ಹಂಡೆಗೆ ಉರಿ ಹಾಕಿದೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಗಳಿಗೆ ತುಂಬಿದೆ. ಬಸದಿಗೆ ಹೋಗಿ ಬಂದೆ. ಜೋಳ ಹಸನು ಮಾಡಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಆಕೆ ಸಾಕೆನ್ನುವ ತನಕ ಅಲ್ಲ, ನನ್ನ ಕೈ ಸೋಲುವ ತನಕ. ಹದಿನೆಂಟು ರೊಟ್ಟಿ ಬಡಿದೆ. ಮಗ್ಗದವರಿಗೆ ಮಜ್ಜಿಗೆ ಕಳಿಸಿದೆ. ಮಾಳಿಗೆಯ ಮೇಲೆ ಒಣಗಲು ಹಾಕಿದ ಶಾವಿಗೆಯನ್ನು ತಿರುವಿ ಹಾಕಿ ಇಳಿಯುತ್ತಿದ್ದೆ. ಅಷ್ಟರಲ್ಲಿ ನಮ್ಮವರು ಅಂಗಡಿಯಿಂದ ಬಂದು ಹೊಸ್ತಿಲಲ್ಲೇ ನಿಂತು, "ಏ, ಮಿಸರ ದೇಶಕ್ಕ ಹೋಗೂದು ಖರೇ ಆತು" ಎಂದರು.

"ಮೊದಲ ಚಪ್ಪಲಿ ಬಿಡ್ರಿ" ಎಂದೆ.

ಎರಡನೆಯ ಮಹಾಯುದ್ಧಕ್ಕೆ ಎರಡು ಮೂರು ವರ್ಷ ಮೊದಲಿನ ಮಾತಿದು. ಮಿಸರವೆಂದರೆ ಇಜಿಪ್ತ. ನಮ್ಮವರದು ನೂಲಿನ ವ್ಯಾಪಾರ, ಮನೆಯ ಹಿಂದೆ ಆರು ಮಗ್ಗ. ತೆಳು ಸೀರೆಗೆ ಬೇಕಾದ ಸಣ್ಣ ನೂಲನ್ನು ಮುಂಬಯಿಯಿಂದ ತರಿಸುತ್ತಾರೆ. ಇದು ಮಿಸರಿ ಹತ್ತಿಯ ನೂಲು, ಇದರ ಮುಂದೆ ಬೇರೆಯದೆಲ್ಲ ಸುತಳಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಅವರ ನಾಲಿಗೆ ಸವೆದಿದೆ. ಆ ಬೇಸಿಗೆಯಲ್ಲಿ ಒಬ್ಬ ಮುದುಕ ನೇಕಾರ, "ಸಾವಕಾರ್ರ, ಆ ಹತ್ತಿ ಗಿಡಾ ಹೆಂಗಿರತೈತ್ರಿ?" ಎಂದು ಕೇಳಿದನಂತೆ. ನಮ್ಮವರಿಗೆ ಹೇಳಲು ಬರಲಿಲ್ಲ. ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ನಮ್ಮ ಜೈನರ ಪೈಕಿ ಜನ ಶಿಖರ್ಜಿಗೆ ಹೋಗುತ್ತಾರೆ, ಶ್ರವಣಬೆಳಗೊಳಕ್ಕೆ ಹೋಗುತ್ತಾರೆ. ನಮ್ಮವರು ಹತ್ತಿಗಿಡದ ದರ್ಶನಕ್ಕೆ ಹೊರಟರು.

ನನ್ನನ್ನು ಜೊತೆಗೆ ಕರೆದೊಯ್ದದ್ದು ಪ್ರೀತಿಯಿಂದ ಎಂದು ಓದುವವರು ತಿಳಿಯಬಾರದು. ಅವರು ಬೇರೆಯವರ ಕೈಯ ರೊಟ್ಟಿ ತಿನ್ನುವುದಿಲ್ಲ. ಸಂಕೇಶ್ವರಕ್ಕೆ ಹೋದರೂ ಬುತ್ತಿ ಕಟ್ಟಿಸಿಕೊಂಡೇ ಹೋಗುವವರು. ಮಿಸರಕ್ಕೆ ಬುತ್ತಿ ಸಾಲದು, ಬುತ್ತಿ ಕಟ್ಟುವವಳೇ ಬೇಕಾಯಿತು.

ನನಗೂ ನನ್ನ ಕಾರಣವಿತ್ತು. ನಮ್ಮಪ್ಪ ಗಡಹಿಂಗ್ಲಜದಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಶಾಲೆಯ ಗೋಡೆಗೆ ಒಂದು ಚಿತ್ರ ತೂಗುಹಾಕಿತ್ತು: ಮರಳು, ಒಂಟೆ, ಹಿಂದೆ ಮೂರು ಮೂಲೆಯ ಕಲ್ಲಿನ ರಾಶಿ. "ಅಪ್ಪಾ, ಈ ಮನಿಗಿ ಬಾಗಲಾನ ಇಲ್ಲಲಾ?" ಎಂದು ಎಂಟು ವರ್ಷದವಳಿದ್ದಾಗ ಕೇಳಿದ್ದೆ. "ಒಳಗಿದ್ದಾಂವ ಹೊರಗ ಬರಾಂವಲ್ಲ, ಬಾಗಲಾ ಯಾಕ ಬೇಕು?" ಎಂದಿದ್ದರು. ಆ ಬಾಗಿಲಿಲ್ಲದ ಮನೆಯನ್ನು ಒಮ್ಮೆ ಸುತ್ತಿ ಬರಬೇಕು ಎಂಬ ಆಸೆ ನನಗೆ ಮೂವತ್ತಮೂರು ವರ್ಷದಿಂದ ಇತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ, ಅದೇ ತೊಂದರೆ. ಕೈಗೆ ಮತ್ತೊಂದು ಕೆಲಸ ಕೊಡುತ್ತಿದ್ದರು.

ಕೆಲವು ದಿನಗಳಲ್ಲಿ ಮುಂಬಯಿಯ ಹಡಗಿನ ಏಜಂಟನ ಕಾಗದ ಬಂತು. ಮರಾಠಿ ಕಾಗದ, ಮೋಡಿ ಅಕ್ಷರ. ಮೋಡಿಯಲ್ಲಿ ಹ್ರಸ್ವ ದೀರ್ಘ ಎಂಬ ಭೇದವಿಲ್ಲ, ಶಬ್ದಗಳ ನಡುವೆ ಜಾಗವೂ ಇಲ್ಲ. ಓದುವವನ ಮನಸ್ಸಿನಲ್ಲಿ ಏನಿದೆಯೋ ಅದೇ ಕಾಗದದಲ್ಲಿಯೂ ಇರುತ್ತದೆ. ಏಜಂಟ ಬರೆದದ್ದು, ವಿಸಾಕ್ಕೆ ಫೋಟೋ ಕಳಿಸಿರಿ ಎಂದು. ವಿಸಾ ಎಂಬ ಪದಾರ್ಥ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ವೀಸ ಎಲ್ಲರಿಗೂ ಗೊತ್ತು. ಮರಾಠಿಯಲ್ಲಿ ವೀಸ ಎಂದರೆ ಇಪ್ಪತ್ತು.

"ಇಪ್ಪತ್ತ ಫೋಟೋ ಬೇಕಂತ" ಎಂದರು ನಮ್ಮವರು.

"ಒಂದ ಮಾರಿಗೆ ಇಪ್ಪತ್ತ ಫೋಟೋ ಯಾಕ್ರಿ?"

"ಸರಕಾರೀ ಕೆಲಸಾ. ಮೇಜಿಗೊಂದ ಇರಬೇಕ."

"ಅವರ ಕಡೆ ಇಪ್ಪತ್ತ ಮೇಜ ಅದಾವೇನ?"

"ಪಿರಮಿಡ್ ಕಟ್ಟಿದ ಮಂದಿಗಿ ಮೇಜ ಕಟ್ಟೂದ ಹೆಚ್ಚೇನ?" ಎಂದರು.

ಕೊಲ್ಹಾಪುರ

ಫೋಟೋ ತೆಗೆಸಲು ಕೊಲ್ಹಾಪುರಕ್ಕೆ ಹೋದೆವು. ಫೋಟೋದವನು ಬಣ್ಣ ಬಳಿದ ಪರದೆಯ ಮುಂದೆ ನನ್ನನ್ನು ಕೂರಿಸಿದ. ಪರದೆಯ ಮೇಲೆ ಕೆರೆ, ಕೆರೆಯಲ್ಲಿ ಹಂಸ. ಹಂಸ ನೋಡಲು ಥೇಟ್ ಬಾತುಕೋಳಿ. "ವಹಿನೀ, ಜರಾ ಹಸಾ" ಎಂದ. ಅತ್ತಿಗೆ, ತುಸು ನಗಿರಿ ಎಂದು. ಪರಗಂಡಸು ನಗು ಎಂದರೆ ನಗಲು ಬರುತ್ತದೆಯೇ? ನಾನು ಬಾತುಕೋಳಿಯ ಕಡೆ ನೋಡಿದೆ, ಆಗ ತಾನಾಗಿ ನಗು ಬಂತು.

ಇಪ್ಪತ್ತು ಪ್ರತಿ ಎಂದಾಗ ಅವನಿಗೆ ಬಹಳ ಖುಷಿಯಾಯಿತು. ಇಪ್ಪತ್ತು ಮನೆಗೆ ಹೋಗುವ ಮುಖವನ್ನು ಹಾಗೆಯೇ ಬಿಡಬಾರದು ಎಂದುಕೊಂಡು, ಗಾಜಿನ ಮೇಲೆ ಪೆನ್ಸಿಲು ಹಿಡಿದು ಎರಡು ದಿನ ಕೂತನಂತೆ. ಹಣೆಯ ಗೆರೆ ಅಳಿಸಿದ. ಕಣ್ಣಿನ ಕೆಳಗಿನ ಚೀಲ ಖಾಲಿ ಮಾಡಿದ. ಗಲ್ಲದ ಮೇಲಿನ ಮಚ್ಚೆ ತೆಗೆದ. ನನಗೆ ಆಗ ನಲವತ್ತೊಂದು, ಫೋಟೋದಲ್ಲಿ ಹದಿನೆಂಟು. ನಮ್ಮವರು ನೋಡಿದವರೇ, "ಅಗದೀ ನಿನ್ನಂಗನ ಬಂದೈತಿ" ಎಂದರು. ಅವರು ನನ್ನ ಮುಖವನ್ನು ಕೊನೆಯ ಸಲ ಸರಿಯಾಗಿ ನೋಡಿದ್ದು ಯಾವಾಗ ಎಂಬುದು ಅಂದು ತಿಳಿಯಿತು.

ಪಾಸಪೋರ್ಟಿನ ಕಚೇರಿಯಲ್ಲಿ ಕಾರಕೂನ ಅರ್ಜಿ ತುಂಬಿಕೊಂಡ. ಗಂಡ ಹೆಂಡತಿಗೆ ಸೇರಿ ಒಂದೇ ಪುಸ್ತಕ, ಎರಡು ಫೋಟೋ. ನನ್ನ ಕಡೆ ತಿರುಗಿ, "ಮಾಲಕಾಂಚೆ ನಾವ?" ಎಂದು ಯಜಮಾನರ ಹೆಸರು ಕೇಳಿದ. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಅವನೂ ಮದುವೆಯಾದವನು. "ಸಮಜಲೆ", ತಿಳಿಯಿತು, ಎಂದು ನಮ್ಮವರ ಕಡೆ ತಿರುಗಿ ಅವರಿಂದಲೇ ಹೆಸರು ಕೇಳಿ ಬರೆದುಕೊಂಡ.

ನಮ್ಮಲ್ಲಿ ಗಂಡನ ಹೆಸರು ಬಿಡಿಯಾಗಿ ಬಾಯಿಗೆ ತರುವುದಿಲ್ಲ. ಮದುವೆ ಮುಂಜಿಯಲ್ಲಿ ನಾಲ್ಕು ಹೆಂಗಸರು ಸೇರಿ ಪೀಡಿಸಿದರೆ, ಪ್ರಾಸ ಕಟ್ಟಿ ಒಡಪಿನಲ್ಲಿ ಹುದುಗಿಸಿ ಹೇಳುತ್ತೇವೆ. ಲಾಡುವಿನಲ್ಲಿ ಲವಂಗ ಇಟ್ಟ ಹಾಗೆ. ಒಡಪಿಲ್ಲದೆ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಗುತ್ತದೆ ಎಂದು ಯಾರೂ ಹೇಳಿಲ್ಲ, ಅಳೆದು ನೋಡುವ ಧೈರ್ಯವೂ ಯಾರಿಗೂ ಇಲ್ಲ.

ಹೊರಡುವ ಮುಂಚೆ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಮೂರು ಕಟ್ಟಳೆ ಹಾಕಿದರು. "ಹೊತ್ತ ಮುಳಗಿದ ಮ್ಯಾಲೆ ಉಣಬ್ಯಾಡ್ರಿ. ನೀರ ಸೋಸದ ಕುಡೀಬ್ಯಾಡ್ರಿ. ಮತ್ತ ನೀ, ಎಂಥಾ ದೊರಿ ಕೇಳಿದ್ರೂ ಅವನ ಹೆಸರ ಬಾಯಾಗ ತರಬ್ಯಾಡ. ಶಹಾಪುರದಾಕಿ ಕೋರ್ಟಿನ್ಯಾಗ ಗಂಡನ ಹೆಸರ ಹೇಳಿದ್ಲು. ಏನಾತು? ಸಂಕ್ರಾಂತಿ ಕಾಣಲಿಲ್ಲ ಅಂವ."

"ಅವರಿಗಿ ಆಗ ಎಂಬತ್ತಾರು ವರ್ಷಲ್ರಿ ಅತ್ತಿ?"

"ಎಂಬತ್ತೇಳ ಆಗತಿತ್ತು" ಎಂದರು ಅತ್ತೆ.

ಅಷ್ಟರಲ್ಲಿ ಏಜಂಟನ ಎರಡನೆಯ ಕಾಗದ ಬಂದಿತ್ತು. ಈ ಸಲ ಮೋಡಿ ಬಿಟ್ಟು ದುಂಡಗೆ ಬರೆದಿದ್ದ. ವಿಸಾ ಎಂದರೆ ಮಿಸರ ಸರಕಾರ ಪಾಸಪೋರ್ಟಿನಲ್ಲಿ ಒತ್ತಿಕೊಡುವ ಪ್ರವೇಶದ ಅಪ್ಪಣೆ, ಅದನ್ನು ಪಡೆದಿದ್ದೇನೆ, ತಮ್ಮ ಪತ್ನಿಯವರ ಉಳಿದ ಭಾವಚಿತ್ರಗಳನ್ನು ಏನು ಮಾಡಲಿ? ನಮ್ಮವರು ಅವನ್ನು ವಾಪಸು ತರಿಸಿದರು. ಅತ್ತೆ ಹಂಚಿದರು. ಗಡಹಿಂಗ್ಲಜದಿಂದ ಸಂಕೇಶ್ವರದ ತನಕ ನಮ್ಮ ನೆಂಟರಲ್ಲಿ ನನ್ನ ಹದಿನೆಂಟರ ಮುಖ ಇಲ್ಲದ ಮನೆ ಇಲ್ಲ. ಮದುವೆಯಾದಾಗ ನಾನು ಹಾಗಿರಲಿಲ್ಲ ಎಂದು ಎಲ್ಲರಿಗೂ ಗೊತ್ತು.

ನೀರಿನ ಮೇಲೆ

ದೀಪಾವಳಿ ಮುಗಿಸಿಕೊಂಡು ಮುಂಬಯಿಯಲ್ಲಿ ಹಡಗು ಹತ್ತಿದೆವು. ಮೊದಲ ಎರಡು ದಿನ ನಮ್ಮವರು ಮಲಗಿಯೇ ಇದ್ದರು. ಹಡಗು ಎಡಕ್ಕೆ ವಾಲಿದರೆ "ಅಯ್ಯೋ", ಬಲಕ್ಕೆ ವಾಲಿದರೆ "ಅವ್ವಾ". ನಾನು ರೊಟ್ಟಿಯ ಗಂಟುಗಳನ್ನು ಬಿಚ್ಚಿ ಗಾಳಿಗೆ ಹಿಡಿದೆ, ಬೂಸು ಹಿಡಿಯಬಾರದಲ್ಲ.

ಮೇಲಿನ ಅಟ್ಟದಲ್ಲಿ ಇಂಗ್ಲಿಷ್ ಹೆಂಗಸರು ಉದ್ದನೆಯ ಕುರ್ಚಿಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತಿದ್ದರು. ಒಂದು ತಾಸಿಗೆ ಒಂದು ಮಗ್ಗುಲು, ಆಮೇಲೆ ಇನ್ನೊಂದು. ನನಗೆ ಮಾಳಿಗೆಯ ಶಾವಿಗೆ ನೆನಪಾಗಿ, ಹತ್ತಿರ ಹೋಗಿ ತಿರುವಿ ಹಾಕಲೇ ಎನ್ನಿಸುತ್ತಿತ್ತು. ನಮ್ಮಲ್ಲಿ ಹೆಣ್ಣು ಕಪ್ಪಾಗಬಾರದೆಂದು ನೆರಳಿನಲ್ಲಿ ಕೂರಿಸುತ್ತೇವೆ. ಇವರು ಇಷ್ಟು ಬಿಳಿ ಇಟ್ಟುಕೊಂಡು ಕಪ್ಪಾಗಲು ಹಣ ಕೊಟ್ಟು ಬಂದಿದ್ದಾರೆ.

ಊಟದ ವಿಷಯದಲ್ಲಿ ಜಗಳವಾಯಿತು. ಹಡಗಿನವರು ದಿನಾಲು ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ನಮ್ಮವರು ತಮ್ಮ ಜೇಬಿನ ಗಡಿಯಾರವನ್ನು ಮುಟ್ಟಲು ಬಿಡಲಿಲ್ಲ, ಅದು ಇಚಲಕರಂಜಿಯ ವೇಳೆಯಲ್ಲೇ ನಡೆದಿತ್ತು. ಕೆಂಪು ಸಮುದ್ರದಲ್ಲಿ ಒಂದು ದಿನ ಇಳಿಹೊತ್ತಿಗೆ ರೊಟ್ಟಿ ಬಡಿಸಿದರೆ ತಟ್ಟೆ ಸರಿಸಿದರು.

"ಹೊತ್ತ ಮುಳಗೇತಿ. ನಾ ಒಲ್ಲೆ."

"ಮ್ಯಾಲೆ ನೋಡ್ರಿ, ಬಿಸಲ ಇನ್ನೂ ಸುಡಾಕತ್ತೇತಿ!"

"ಅದು ಇಲ್ಲೀ ಸೂರ್ಯಾ. ನಮ್ಮೂರ ಸೂರ್ಯಾ ಮುಳಗ್ಯಾನ."

"ಹಂಗಾರ ನಾಳಿ ಮುಂಜಾನೆ ಇಲ್ಲೆ ಕತ್ತಲಿದ್ದಾಗ ನಿಮ್ಮ ಸೂರ್ಯಾ ಹುಟ್ಟತಾನ. ಆಗ ಉಣತೀರೇನ?"

ಗಡಿಯಾರ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿದರು. ಕೊನೆಗೆ, ಸೂರ್ಯ ಯಾರಿಗೆ ಕಾಣುತ್ತಾನೋ ಅವರ ಪಾಲಿಗೆ ಇದ್ದಾನೆ ಎಂದು ಒಪ್ಪಿಕೊಂಡು ನಾಲ್ಕು ರೊಟ್ಟಿ ತಿಂದರು.

ಈ ಜಗಳವನ್ನು ಕೇಳಿಯೇ ಇಬ್ರಾಹೀಮನ ಪರಿಚಯವಾದದ್ದು. ರತ್ನಾಗಿರಿ ಕಡೆಯ ಮುಸಲ್ಮಾನ, ಹಡಗಿನ ಖಲಾಸಿ, ನರೆತ ಗಡ್ಡ. ಹಗ್ಗ ಸುತ್ತುತ್ತ ನಿಂತವನು ನಮ್ಮ ಮಾತಿನಲ್ಲಿ ಮರಾಠಿ ಸೇರಿದ್ದನ್ನು ಕೇಳಿ, "ಕೊಲ್ಹಾಪುರಚೇ ಕಾ?" ಎಂದ. ಹೌದೆಂದೆವು. "ಅಲ್ಲಿಯ ಬೆಲ್ಲ!" ಎಂದು ಕಣ್ಣು ಮುಚ್ಚಿ ನಿಂತುಬಿಟ್ಟ. ಬುತ್ತಿಯಿಂದ ಒಂದು ಉಂಡೆ ಬೆಲ್ಲ ಕೊಟ್ಟೆ. ಅಂದಿನಿಂದ ನಾನು ಅವನಿಗೆ ವಹಿನಿ, ಅತ್ತಿಗೆಯಾದೆ.

ಅದಕ್ಕೆ ಮುಂಚೆ, ಕೆಂಪು ಸಮುದ್ರದ ಬಾಯಿಯಲ್ಲಿ, ಏಡನ್ ಬಂದಿತ್ತು. ಸುಟ್ಟ ಬೆಟ್ಟ, ಉಪ್ಪಿನ ರಾಶಿ, ಒಂದು ಹುಲ್ಲುಕಡ್ಡಿ ಇಲ್ಲ. ಮೇಕೆಗಳು ಕಾಗದ ತಿನ್ನುತ್ತಿದ್ದವು. ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿ ಹೊಳೆಯ ದಂಡೆಗೆ ಬಟ್ಟೆ ಒಗೆಯಲು ಹೋಗುವುದೆಂದರೆ ನಾನು ಬೈದುಕೊಳ್ಳುತ್ತಿದ್ದೆ. ಆ ಬೈಗುಳಗಳನ್ನೆಲ್ಲ ಏಡನ್ನಿನಲ್ಲಿ ವಾಪಸು ತೆಗೆದುಕೊಂಡೆ.

ಸುಯೇಜ್

ಸುಯೇಜಿನಲ್ಲಿ ಹಡಗು ನಿಂತಾಗ ಬೆಳಿಗ್ಗೆ. ಮಿಸರದ ಅಧಿಕಾರಿಗಳು ದೋಣಿಯಲ್ಲಿ ಬಂದು ಊಟದ ಕೋಣೆಯಲ್ಲಿ ಮೇಜು ಹಾಕಿ ಕೂತರು. ಒಂದೇ ಮೇಜು. ಹತ್ತೊಂಬತ್ತು ಮೇಜು ಎಲ್ಲಿ ಹೋದವು ಎಂದು ನಮ್ಮವರ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಅಧಿಕಾರಿ ಕೆಂಪು ಟೋಪಿಯವನು, ಟೋಪಿಗೆ ಕಪ್ಪು ಗೊಂಡೆ. ಪಾಸಪೋರ್ಟು ತೆರೆದು ನನ್ನ ಫೋಟೋ ನೋಡಿದ. ನನ್ನನ್ನು ನೋಡಿದ. ಮತ್ತೆ ಫೋಟೋ. ಬೆರಳಿನಿಂದ ತನ್ನ ಗಲ್ಲ ಮುಟ್ಟಿಕೊಂಡು ನನ್ನ ಮಚ್ಚೆಯನ್ನು ತೋರಿಸಿದ. ಇಂಗ್ಲಿಷಿನಲ್ಲಿ ಏನೋ ಕೇಳಿದ. ನಮ್ಮವರ ಇಂಗ್ಲಿಷ್ ನೂಲಿನ ನಂಬರು ಓದುವಷ್ಟು. ಹಡಗಿನ ಇಂಗ್ಲಿಷ್ ಬಲ್ಲ ಇಬ್ರಾಹೀಮನನ್ನು ಕರೆಸಿದರು.

"ವಹಿನೀ, ಈ ಫೋಟೋದವಳು ಎಲ್ಲಿ ಅಂತ ಕೇಳ್ತಾನೆ" ಎಂದು ಇಬ್ರಾಹೀಮ ಮರಾಠಿಯಲ್ಲಿ ಹೇಳಿದ. ಅವನ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಕೀನ ಈಕಿ!" ಎಂದರು ನಮ್ಮವರು.

"ಅವಳು ಹುಡುಗಿ, ಇವಳು ಅವಳ ಅಕ್ಕ ಇರಬೇಕು, ಹೆಂಡತಿಯ ಕಾಗದದ ಮೇಲೆ ಬೇರೆಯವಳನ್ನು ತಂದಿದ್ದಾನೆ ಅಂತಾನೆ."

ನಮ್ಮವರು ನನ್ನನ್ನು ದಿಟ್ಟಿಸಿ ನೋಡಿದರು. ಇಪ್ಪತ್ತಮೂರು ವರ್ಷದಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. "ಫೋಟೋದಾಂವ ಭಾಳ ಅಳಿಸ್ಯಾನ" ಎಂದು ಗೊಣಗಿದರು.

ಅಧಿಕಾರಿ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ. ನನ್ನನ್ನೊಬ್ಬಳನ್ನೇ ಕೇಳಿ, ಪುಸ್ತಕದಲ್ಲಿ ಬರೆದದ್ದಕ್ಕೆ ಹೊಂದಿದರೆ ಇಳಿಯಬಹುದು ಎಂದ.

ಹೆಸರೇನು? ಸುಮತಿ. ಊರು? ಇಚಲಕರಂಜಿ. ಅವನು ಆ ಊರಿನ ಹೆಸರನ್ನು ತಾನೂ ಒಮ್ಮೆ ಹೇಳಲು ಹೋಗಿ ಅರ್ಧಕ್ಕೆ ಬಿಟ್ಟ. ಮಕ್ಕಳು? ಎರಡು ಹೆಣ್ಣು, ಒಂದು ಗಂಡು.

ಗಂಡನ ಹೆಸರು?

ಗೋಡೆ ನೋಡಿದೆ. ಕ್ಯಾಲೆಂಡರ್ ಇರಲಿಲ್ಲ.

"ಗೊತ್ತಿಲ್ಲವೇ ಅಂತಾನೆ, ವಹಿನೀ."

"ಗೊತ್ತೈತಿ."

"ಹಾಗಾದರೆ ಹೇಳು ಅಂತಾನೆ."

"ಹೇಳಂಗಿಲ್ಲ."

ಅಧಿಕಾರಿ ಪಕ್ಕದವನ ಕಡೆ ಬಾಗಿ ಏನೋ ಪಿಸುಗುಟ್ಟಿದ. ಆಗ ಇಬ್ರಾಹೀಮ ಹಣೆ ಬಡಿದುಕೊಂಡ. "ಅರೇ ದೇವಾ, ನಾವ ಘ್ಯಾಯಚಂ ಆಹೇ!" ಮರಾಠಿಯಲ್ಲಿ ಹೆಸರು ತೆಗೆದುಕೊಳ್ಳುವುದು ಎಂದರೆ ಇದೇ, ಒಡಪಿನಲ್ಲಿ ಗಂಡನ ಹೆಸರು ಹೇಳುವುದು. ಅವನು ಅಧಿಕಾರಿಗೆ ಕೈಸನ್ನೆ ಮಾಡಿ ಬಹಳ ಹೊತ್ತು ವಿವರಿಸಿದ. ಅಧಿಕಾರಿಯ ಹುಬ್ಬು ಏರುತ್ತ ಏರುತ್ತ ಟೋಪಿಯೊಳಗೆ ಹೋಯಿತು.

"ಹಾಡಾಗಲಿ, ಮಾತಾಗಲಿ, ಬೇಗ ಮುಗಿಸು ಅಂತಾನೆ. ವಹಿನೀ, ನಾವ ಘ್ಯಾ!"

ಸಾಲಿನಲ್ಲಿ ನಿಂತ ಇಬ್ಬರು ಗುಜರಾತಿ ಹೆಂಗಸರು ಮುಂದೆ ಬಾಗಿದರು. ಊರಿನಲ್ಲಿ ನಾನು ಒಡಪಿಗೆ ಹಿಂದೆ ಬಿದ್ದವಳಲ್ಲ. ಹಡಗಿನಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಕಣ್ಣು ನೆಲಕ್ಕೆ ಹಾಕಿ, ಆಗಿಂದಾಗ ಕಟ್ಟಿ ಹೇಳಿದೆ:

"ಹುಪರಿ ಬೆಳ್ಳಿಗಿ ಹುಣಸಿ ಹಚ್ಚಿದರ ಹೊಳ್ಳಿ ಬರತೈತಿ ಬಣ್ಣ,
ಹಡಗ ಇಳ್ಯಾಕ ಹೆಸರ ಕೇಳತಾರ, ನಮ್ಮ ರಾಯರು ನೇಮಣ್ಣ."

ಗುಜರಾತಿ ಹೆಂಗಸರಿಗೆ ಒಂದು ಶಬ್ದ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ಬರೆದದ್ದರ ಮೇಲೆ ಪೆನ್ನು ಆಡಿಸಿದ.

"ಹುಪರಿ?" ಎಂದ.

"ಅದು ಊರ. ಅಲ್ಲೆ ಬೆಳ್ಳಿ ಕೆಲಸಾ ಮಾಡತಾರ."

"ಹುಣಸಿ?"

"ಅದು ಹಣ್ಣು."

"ರಾಯರು?"

"ಅದು ಮರ್ಯಾದಿ."

ಅಧಿಕಾರಿ ಪೆನ್ನು ಕೆಳಗಿಟ್ಟ. ಇಬ್ರಾಹೀಮ ಬಾಯಿ ತೆರೆದ. ನೀನು ಹೇಳಕೂಡದು, ಅವಳೇ ಹೇಳಲಿ ಎಂದು ಅಧಿಕಾರಿ ಅವನನ್ನು ತಡೆದ. ಇಬ್ರಾಹೀಮ ದನಿ ತಗ್ಗಿಸಿ, "ವಹಿನೀ, ಒಂದೇ ಒಂದು ಹೆಸರು, ಹಿಂದೆ ಮುಂದೆ ಏನೂ ಇರಬಾರದು ಅಂತಾನೆ. ಇಲ್ಲದಿದ್ದರೆ ಇಬ್ಬರೂ ಇಳಿಯುವ ಹಾಗಿಲ್ಲ, ಹಡಗು ಮಾರ್ಸೇಲ್ಸಿಗೆ ಹೋಗುತ್ತದೆ, ನೀವೂ ಹೋಗಬೇಕು" ಎಂದ.

ದುಂಡನೆಯ ಕಿಟಕಿಯಲ್ಲಿ ಮಿಸರ ಕಾಣುತ್ತಿತ್ತು. ಕಂದು ಬೆಟ್ಟ, ಬಿಳಿ ಮನೆಗಳು, ದಂಡೆಯ ಮೇಲೆ ಒಂದು ಒಂಟೆ, ಶಾಲೆಯ ಚಿತ್ರದಲ್ಲಿದ್ದಂಥದೇ. ನನಗೆ ಶಹಾಪುರದವಳು ನೆನಪಾ​ದಳು. ನಮ್ಮವರಿಗೆ ನಲವತ್ತೆಂಟು, ಎಂಬತ್ತಾರಕ್ಕೆ ಬಹಳ ದೂರ. ಒಂದು ಹೆಸರಿಗೆ ಒಂದು ವರ್ಷವೋ, ಒಂದು ದಿನವೋ? ಒಂದೇ ದಿನವಾದರೆ, ಅವರು ಹಡಗಿನಲ್ಲಿ "ಅಯ್ಯೋ ಅವ್ವಾ" ಎಂದು ಮಲಗಿ ಕಳೆದ ದಿನಗಳಲ್ಲಿ ಒಂದನ್ನು ಹಿಡಿದುಕೊಳ್ಳಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಇದು ಸರಿಯಾದ ವ್ಯವಹಾರವಲ್ಲ ಎಂದು ಗೊತ್ತಿತ್ತು. ಗಂಡನ ಆಯುಷ್ಯ ಒಂದು ಕಡೆ, ಬಾಗಿಲಿಲ್ಲದ ಮನೆ ಒಂದು ಕಡೆ. ಒಳ್ಳೆಯ ಹೆಂಗಸಾಗಿದ್ದರೆ ಮಾರ್ಸೇಲ್ಸಿಗೆ ಹೋಗುತ್ತಿದ್ದಳು.

ಹೇಳಿದೆ. ಮೂರು ಅಕ್ಷರ, ಬಿಡಿಯಾಗಿ.

ಹೇಳಿದ ಮರುಕ್ಷಣ ಬಾಗಿಲಾಚೆ ಯಾರೋ ಕೆಮ್ಮತೊಡಗಿದರು. ಉಸಿರು ಸಿಗದ ಕೆಮ್ಮು. ನಮ್ಮವರದೇ ದನಿ! ಇಷ್ಟು ಬೇಗ ಎಂದು ಅತ್ತೆ ಹೇಳಿರಲಿಲ್ಲ. ಸೆರಗು, ಸಾಲು, ಅಧಿಕಾರಿ ಎಲ್ಲ ಬಿಟ್ಟು ಬಾಗಿಲಿಗೆ ಓಡಿದೆ. ನಮ್ಮವರು ಕಂಬ ಹಿಡಿದು ಬಗ್ಗಿದ್ದರು, ಕಣ್ಣಲ್ಲಿ ನೀರು. ಬೆನ್ನಿಗೆ ನಾಲ್ಕು ಗುದ್ದಿದೆ. ಬಾಯಿಂದ ಅಡಿಕೆಯ ಚೂರು ಹಾರಿ ಸಮುದ್ರಕ್ಕೆ ಬಿತ್ತು. ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದರಂತೆ. ಹೆಸರು ಕೇಳಿದ್ದೇ ಅಡಿಕೆ ತಪ್ಪುದಾರಿ ಹಿಡಿಯಿತು.

ಹಿಂದೆ ಠಪ್ ಎಂದು ಸಿಕ್ಕೆ ಒತ್ತಿದ ಸದ್ದು. ಅಧಿಕಾರಿ ಪಾಸಪೋರ್ಟನ್ನು ಇಬ್ರಾಹೀಮನ ಕೈಗೆ ಕೊಟ್ಟು ಏನೋ ಹೇಳಿದ.

"ಏನಂದಾ?" ಎಂದೆ.

"ಹೀಗೆ ಗುದ್ದುವವಳು ಹೆಂಡತಿಯೇ ಇರಬೇಕು ಅಂತಾನೆ" ಎಂದ ಇಬ್ರಾಹೀಮ.

ರೈಲಿನಲ್ಲಿ

ಕೈರೋದ ರೈಲಿನಲ್ಲಿ ನಮ್ಮವರು ಕಿಟಕಿಗೆ ಒತ್ತಿಕೊಂಡು ಕೂತರು. ಎದುರಿನ ಬೆಂಚಿನಲ್ಲಿ ಒಬ್ಬ ಮಿಸರಿ ಹೆಂಗಸು ಬುಟ್ಟಿಯಲ್ಲಿ ಪಾರಿವಾಳ ಇಟ್ಟುಕೊಂಡು ಕೂತಿದ್ದಳು. ಸಾಕಲು ಒಯ್ಯುತ್ತಿದ್ದಾಳೆ ಎಂದು ನಾನು ತಿಳಿದೆ. ಅವಳು ನಕ್ಕು, ಬೆರಳುಗಳನ್ನು ಬಾಯಿಗೆ ಒಯ್ದು ರುಚಿಯ ಸನ್ನೆ ಮಾಡಿದಳು. ನಾನು ನಗುತ್ತಲೇ ಒಂದು ಮೊಳ ಹಿಂದೆ ಸರಿದೆ. ಆಮೇಲೆ ನಮ್ಮವರು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು.

"ಎಷ್ಟ ಸಲ ಅಂದಿ?"

"ಒಡಪಿನ್ಯಾಗ ಒಮ್ಮೆ, ಬಿಡಿಯಾಗಿ ಒಮ್ಮೆ."

"ಒಡಪಿಂದು ಹಿಡಿಯಂಗಿಲ್ಲ. ಹಂಗಾರ ಒಮ್ಮೆ."

"ಹೌದ್ರಿ."

"ಒಮ್ಮಿಗೆ ಎಷ್ಟ ಹೋಕ್ಕೈತಿ?"

"ಅತ್ತಿ ಹೇಳಿಲ್ಲ್ರಿ."

"ಅವ್ವಗ ಹೇಳಬ್ಯಾಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಒಡಪು ಚೊಲೊ ಇತ್ತು. ಆದರ ಹುಪರಿ ಯಾಕ? ನಮ್ಮ ಸೀರಿ ಸೇರಸಬೇಕಿತ್ತು" ಎಂದರು. ವ್ಯಾಪಾರಿ.

ಮರಳು ಮುಗಿದು ಹಸಿರು ಬಂತು. ಕಾಲುವೆ, ಎಮ್ಮೆ, ಮಣ್ಣಿನ ಮನೆ. ನಮ್ಮವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹತ್ತಿಯನ್ನು ಹುಡುಕಿದರು. ಹತ್ತಿ ಬಿಡಿಸುವುದು ಮುಗಿದುಹೋಗಿತ್ತು. ಹೊಲದಲ್ಲಿ ಮೊಂಡು ಬುಡಗಳು ನಿಂತಿದ್ದವು. ಕಿತ್ತ ಹತ್ತಿಕಟ್ಟಿಗೆಯನ್ನು ಒಲೆಗೆಂದು ಮನೆಗಳ ಮೇಲೆ ಒಟ್ಟಿದ್ದರು, ನಮ್ಮ ಕಡೆ ಒಟ್ಟುವ ಹಾಗೆಯೇ. ಸಮುದ್ರ ದಾಟಿ ಬಂದು ಉರುವಲು ನೋಡಿದ್ದಾಯಿತು. ಒಂದು ಸ್ಟೇಶನ್ನಿನಲ್ಲಿ ಇಳಿದು, ಬೇಲಿಯ ಹತ್ತಿರ ಬಿದ್ದ ಒಂದು ಕಡ್ಡಿಯನ್ನು ಎತ್ತಿಕೊಂಡು ಬಂದರು. ಅದರಲ್ಲಿ ಒಂದು ಒಣಗಿದ ಕಾಯಿ, ಕಾಯಿಯಲ್ಲಿ ಚಿಟಿಕೆಯಷ್ಟು ಅರಳೆ. ಎಳೆ ಎಳೆದು ನೋಡಿದರು. ಎಳೆದರೂ ಎಳೆದರೂ ಹರಿಯಲಿಲ್ಲ.

"ಖರೇ ಹೇಳೀನಿ ನಾ ಮಂದಿಗಿ" ಎಂದು ಅದನ್ನು ಟೋಪಿಯೊಳಗೆ ಇಟ್ಟುಕೊಂಡರು. ನಾನು ಅವರ ಮುಖ ನೋಡಿದೆ. ಇಷ್ಟು ಸಣ್ಣದಕ್ಕೆ ಇಷ್ಟು ಸಂತೋಷಪಡುವ ಮನುಷ್ಯನ ಆಯುಷ್ಯಕ್ಕೆ ಕತ್ತರಿ ಹಾಕಿ ಬಂದೆನಲ್ಲ.

ಗೀಜಾ

ಮರುದಿನ ಟ್ರಾಮಿನಲ್ಲಿ ಕೂತು ಗೀಜಾಕ್ಕೆ ಹೋದೆವು. ಕಡಲೆಕಾಯಿ ಮಾರುವವನ ಪಕ್ಕದಲ್ಲಿ ಇಳಿದು ತಲೆ ಎತ್ತಿದರೆ ಅದು ನಿಂತಿತ್ತು. ಚಿತ್ರದಲ್ಲಿ ಸಣ್ಣದಿತ್ತು. ಕೊಲ್ಹಾಪುರದ ಪೇಟೆಯಲ್ಲಿ ಬೆಲ್ಲ ಒಟ್ಟಿದ ಹಾಗೆ, ಬಣ್ಣವೂ ಹಳೆಯ ಬೆಲ್ಲದ್ದೇ. ಆದರೆ ಒಟ್ಟಿದವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಲಿಲ್ಲ.

"ಒಳಗ ಏನೈತಿ?" ಎಂದರು ನಮ್ಮವರು.

"ರಾಜಾನ ಹೆಣಾ."

"ಇಷ್ಟ ಕಲ್ಲ ಒಂದ ಹೆಣದ ಮ್ಯಾಲೆ? ಎದ್ದ ಬಂದಾನಂತ ಅಂಜಿದ್ರೇನ?"

ನಾನು ಸುತ್ತಿ ಬರುತ್ತೇನೆ ಎಂದೆ. ಅವರು ಮೇಲೆ ಹತ್ತುತ್ತೇನೆ ಎಂದರು. ಬೇರೆ ದಿನವಾಗಿದ್ದರೆ ಹತ್ತಲಿ ಎನ್ನುತ್ತಿದ್ದೆ. ಅಂದು ಬೆಳಗಿನಿಂದ ನಾನು ಅವರ ಬೆನ್ನು ಬಿಟ್ಟಿರಲಿಲ್ಲ. ಟ್ರಾಮಿನಲ್ಲಿ ಅಂಚಿಗೆ ಕೂರಗೊಡಲಿಲ್ಲ. ಒಂಟೆಯ ಹತ್ತಿರ ಬಿಡಲಿಲ್ಲ. ಮಾರುವವನು ಕೊಟ್ಟ ಕಡಲೆಕಾಯಿಯನ್ನು ನಾನೇ ಮೊದಲು ತಿಂದು ನೋಡಿದೆ.

"ಬ್ಯಾಡ್ರಿ" ಎಂದೆ.

"ಯಾಕ?"

ಯಾಕೆ ಎಂದು ಹೇಳುವ ಹಾಗಿರಲಿಲ್ಲ. ಅವರಿಗೂ ಗೊತ್ತಿತ್ತು. "ನೋಡೇ ಬಿಡೂಣು" ಎಂದು ಧೋತರದ ಕಚ್ಚೆ ಬಿಗಿದು ಹತ್ತಿಯೇಬಿಟ್ಟರು. ಒಂದೊಂದು ಕಲ್ಲು ಎದೆಯ ಎತ್ತರ. ಇಬ್ಬರು ಅರಬರು ಕೈ ಹಿಡಿದು ಎಳೆದರು, ಒಬ್ಬ ಕೆಳಗಿನಿಂದ ತಳ್ಳಿದ. ನೂಲಿನ ಮೂಟೆ ಲಾರಿಗೆ ಏರಿದ ಹಾಗೆ ಏರಿದರು. ಆರು ಕಲ್ಲು. ಏಳು. ಎಂಟನೆಯದರಲ್ಲಿ ಕಾಲು ಜಾರಿತು.

"ರೀ!" ಎಂದು ಕೂಗಿದೆ.

ಇಚಲಕರಂಜಿಯ ಬೀದಿಯಲ್ಲಿ ರೀ ಎಂದರೆ ಅರ್ಧ ಊರಿನ ಗಂಡಸರು ತಿರುಗಿ ನೋಡುತ್ತಾರೆ. ಆ ಮರಳುಗಾಡಿನಲ್ಲಿ ಅಷ್ಟೊಂದು ದೇಶದ ಗಂಡಸರಿದ್ದರು, ತಿರುಗಿದ್ದು ಒಬ್ಬರೇ. ಅರಬರ ಕೈಯಲ್ಲಿ ತೂಗುತ್ತ, ಕಾಲು ಗಾಳಿಯಲ್ಲಿ ಆಡಿಸುತ್ತ, "ಇದ್ದೇನಿ, ಇದ್ದೇನಿ!" ಎಂದು ಕೂಗಿದರು.

ಇಳಿದ ಮೇಲೆ ಮೊಣಕಾಲು ತರಚಿದ್ದು ಕಂಡಿತು. ಸೆರಗಿನ ಅಂಚು ಒದ್ದೆ ಮಾಡಿ ಒರೆಸಿದೆ. "ಇಷ್ಟ ಹೋತು ಅಂತ ತಿಳಿ. ಮುಗೀತು, ಲೆಕ್ಕಾ ಚುಕ್ತಾ" ಎಂದರು. ಆಮೇಲೆ ಇಬ್ಬರೂ ಸೇರಿ ಪಿರಮಿಡ್ಡನ್ನು ಸುತ್ತಿದೆವು. ಅವರು ಕುಂಟುತ್ತ, ನಾನು ಕಲ್ಲನ್ನು ಕೈಯಿಂದ ಸವರುತ್ತ. ಬಸದಿಯಲ್ಲಿ ಮೂರು ಸುತ್ತು ಹಾಕುವುದು ರೂಢಿ. ಇಲ್ಲಿ ಒಂದಕ್ಕೇ ಬೆವರು ಸುರಿಯಿತು. ಉತ್ತರದ ಕಡೆ ಬಂದಾಗ ನೋಡಿದರೆ, ಬಾಗಿಲಿತ್ತು! ಕಳ್ಳರು ಕೊರೆದದ್ದಂತೆ. ಅಪ್ಪ ಬದುಕಿದ್ದರೆ ಕಾಗದ ಬರೆಯುತ್ತಿದ್ದೆ.

ಹೊತ್ತು ಮುಳುಗುವ ಮುಂಚೆ ವಸತಿಯ ಕೋಣೆಗೆ ಬಂದೆವು. ನೀರು ಸೋಸಿಟ್ಟೆ. ಕಟಕ ರೊಟ್ಟಿಯ ಕೊನೆಯ ಗಂಟು ಬಿಚ್ಚಿ, ಶೇಂಗಾದ ಹಿಂಡಿ ಎಂಬ ಚಟ್ನಿಪುಡಿ ಹಾಕಿ, ಎಣ್ಣೆ ಬಿಟ್ಟು ಕೊಟ್ಟೆ. ಅವರು ಐದು ತಿಂದರು, ಐದನ್ನೂ ಎಣಿಸಿದೆ, ಹಸಿವು ಚೆನ್ನಾಗಿದೆ ಎಂದು ಸಮಾಧಾನವಾಯಿತು. ನಾನು ಎರಡು ರೊಟ್ಟಿ, ಒಂದು ಹಿಡಿ ಖರ್ಜೂರ ತಿಂದೆ. ಖರ್ಜೂರ ಅವರಿಗೂ ಕೊಟ್ಟೆ. ಬೀಜವನ್ನು ತೆಗೆದು ಕೊಟ್ಟೆ, ಗಂಟಲಿಗೆ ಸಿಗಬಾರದಲ್ಲ.

ಕಿಟಕಿಯಲ್ಲಿ ಇನ್ನೂ ಕೆಂಪು ಬೆಳಕಿರುವಾಗಲೇ ಅವರು ಮೊದಲು ಮಲಗಿದರು. ನಾನು ಗೋಡೆಗೆ ಒರಗಿ ಕೂತು ಅವರ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ನೋಡಿದೆ. ಗೊರಕೆ ಶುರುವಾಯಿತು. ಇಪ್ಪತ್ತಮೂರು ವರ್ಷ ಬೈದ ಗೊರಕೆ. ಅದು ನಡುವೆ ಒಮ್ಮೆ ನಿಂತಿತು. ಕಾದೆ. ಶುರುವಾಗಲಿಲ್ಲ. ಅಲುಗಿಸಿದರೆ ಬೈಯುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅತ್ತೆಯಂತೂ ಸಮುದ್ರದಾಚೆ. ಬಗ್ಗಿ, ಕಿವಿಯ ಹತ್ತಿರ, ಹೆಸರು ಹಿಡಿದು ಮೆಲ್ಲಗೆ ಕರೆದೆ.

"ಯಾರ್ರೀ ಅವರು?" ಎಂದರು, ಕಣ್ಣು ತೆರೆಯದೆ, ಬಹಳ ಮರ್ಯಾದೆಯಿಂದ. "ಅಂಗಡಿ ಮುಚ್ಚೇತ್ರಿ. ನಾಳಿ ಬರ್ರಿ."

ಮಗ್ಗುಲು ಹೊರಳಿದರು. ಗೊರಕೆ ಮತ್ತೆ ಶುರುವಾಯಿತು. ಆಮೇಲೆ ನಾನೂ ಮಲಗಿದೆ.